ಬಣ್ಣವೂ ಒಂದು ವಾದ್ಯವೇ?

ಕಳೆದ ವರ್ಷ ನಮ್ಮ ಕಾಲೇಜಿನ ನಾಟಕದಲ್ಲಿ ದೀಪದ ಮುಂದೆ ಬಣ್ಣದ ಕಾಗದ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಡಿನ ತಾಳಕ್ಕೆ ಸರಿಯಾಗಿ ಕಾಗದ ಬದಲಿಸಿದೆ; ಸಭಿಕರು ಚಪ್ಪಾಳೆ ತಟ್ಟಿದರು. ಹಾಡು ಮಾತ್ರ ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಬಣ್ಣವು ಸಂಗೀತಕ್ಕೆ ನೆರವೋ ಅಡ್ಡಿಯೋ ಎಂಬ ಸಂಶಯ ಅಂದೇ ಹುಟ್ಟಿತು.

ಈ ಸಂಶಯಕ್ಕೆ ಉತ್ತರವೆಂಬಂತೆ ನನಗೆ ದೊರೆತದ್ದು ರಷ್ಯದ ಸ್ಕ್ರಿಯಾಬಿನ್ 1910ರಲ್ಲಿ ಮುಗಿಸಿದ ‘ಪ್ರಮೀಥಿಯಸ್’ ಎಂಬ ಕೃತಿ. (ನಮ್ಮ ಮನೆಯಲ್ಲಿ ಪಿಯಾನೋವನ್ನು ಕಣ್ಣಾರೆ ಕಂಡವರಿಲ್ಲ. ನಾನಾದರೂ ಈ ಕೃತಿಯನ್ನು ಕೇಳಿದ್ದು ಮೊಬೈಲಿನಲ್ಲಿ.) ದೊಡ್ಡ ವಾದ್ಯವೃಂದ, ಪಿಯಾನೋ, ಆರ್ಗನ್, ವೃಂದಗಾನ ಇವೆಲ್ಲಕ್ಕೂ ಮೇಲೆ, ಸ್ವರಲಿಪಿಯ ಮೊದಲ ಸಾಲಿನಲ್ಲಿ, ಆತ ಬೆಳಕನ್ನು ಬರೆದಿದ್ದಾನೆ. ಮನೆ ಒತ್ತಿದರೆ ನಾದದ ಬದಲು ಬಣ್ಣ ಹೊಮ್ಮಿಸುವ ವಾದ್ಯ ಅವನ ಮನಸ್ಸಿನಲ್ಲಿತ್ತು. 1911ರಲ್ಲಿ ಮಾಸ್ಕೋದ ಮೊದಲ ಪ್ರದರ್ಶನ ಬೆಳಕಿಲ್ಲದೆಯೇ ನಡೆಯಿತು. 1915ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬೆಳಕು ಬಂತು, ಅದೂ ಒಂದು ಸಣ್ಣ ತೆರೆಯ ಮೇಲೆ. ಮುಂದಿನ ತಿಂಗಳೇ ಸ್ಕ್ರಿಯಾಬಿನ್ ಮಾಸ್ಕೋದಲ್ಲಿ ತೀರಿಕೊಂಡ.

ಯಾವ ಸ್ವರಕ್ಕೆ ಯಾವ ಬಣ್ಣ ಎಂದು ವಾದಿಸುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ‘ಸಿ’ ಶ್ರುತಿ ಸ್ಕ್ರಿಯಾಬಿನ್ನನಿಗೆ ಕೆಂಪಾದರೆ, ಅವನ ಹಿರಿಯ ಸಮಕಾಲೀನ ರಿಮ್‌ಸ್ಕಿ ಕಾರ್ಸಕೋವ್‌ನಿಗೆ ಬಿಳಿ. ‘ಡಿ’ ಹಳದಿಯೆಂಬಲ್ಲಿ ಇಬ್ಬರಿಗೂ ಒಮ್ಮತ. ಇಬ್ಬರು ಪಂಡಿತರಿಗೇ ಹೀಗಾದರೆ ಸಭೆಯಲ್ಲಿ ಕುಳಿತವರ ಪಾಡೇನು?

ಆದರೂ ಆ ಸಾಲನ್ನು ಬಿಟ್ಟು ಕೃತಿಯನ್ನು ನುಡಿಸುವುದನ್ನು ನಾನು ಒಪ್ಪಲಾರೆ. ಅದರಲ್ಲಿ ಎರಡು ಎಳೆಗಳಿವೆ. ಒಂದು, ಒಟ್ಟಿಗೆ ನುಡಿಯುವ ಸ್ವರಗಳ ಮೂಲಸ್ವರವನ್ನು ಬೆನ್ನಟ್ಟಿ ಬೇಗಬೇಗ ಬದಲಾಗುತ್ತದೆ. ಇನ್ನೊಂದು, ಸುಮಾರು ಇಪ್ಪತ್ತು ನಿಮಿಷದ ಕೃತಿಯಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಹೆಜ್ಜೆಯಿಟ್ಟು, ಕೊನೆಗೆ ಹೊರಟ ಸ್ವರಕ್ಕೇ, ಎಂದರೆ ಹೊರಟ ನೀಲಿಗೇ ಮರಳುತ್ತದೆ. ಈ ನಿಧಾನದ ಎಳೆಯನ್ನು ಯಾವ ವಾದ್ಯವೂ ಹಾಗೆಯೇ ನುಡಿಸುವುದಿಲ್ಲ. ಕೃತಿಯ ದೊಡ್ಡ ನಡೆಯನ್ನು ಅದು ಕಣ್ಣಿಗೆ ಕಾಣಿಸುತ್ತದೆ. ನೀಲಿಯ ಅರ್ಥ ತಿಳಿಯದವನೂ ಅದು ಮರಳಿ ಬಂದದ್ದನ್ನು ಗುರುತಿಸಬಲ್ಲ.

ಕಣ್ಣು ಮುಚ್ಚಿ ಕೇಳುವುದೇ ಸಂಗೀತ ಎನ್ನುವವರಿದ್ದಾರೆ. ಉಳಿದ ಕೃತಿಗಳಿಗೆ ಆ ಮಾತು ಸಲ್ಲಬಹುದು. ಬರೆದವನೇ ಬೆಳಕಿನ ಸಾಲು ಹಾಕಿಟ್ಟಿರುವಾಗ ಅದನ್ನು ಕೈಬಿಡುವುದಕ್ಕೂ ಪಿಟೀಲುಗಳನ್ನು ಮನೆಗೆ ಕಳಿಸುವುದಕ್ಕೂ ನನಗೆ ವ್ಯತ್ಯಾಸ ಕಾಣದು.

ನಮ್ಮ ನಾಟಕದ ಬಣ್ಣದ ಕಾಗದಗಳು ಇನ್ನೂ ಸಭಾಂಗಣದ ಕಪಾಟಿನಲ್ಲಿವೆ. ಈ ವರ್ಷ ನಾನು ಕಾಲೇಜು ಬಿಡುವವನು. ಮುಂದೆ ಅವನ್ನು ಹಿಡಿಯುವ ಗೆಳೆಯರು ಇಡೀ ಹಾಡಿಗೆ ಎರಡೇ ಸಲ ಬದಲಿಸಿ ನೋಡಲಿ. ಚಪ್ಪಾಳೆ ಬೀಳದಿದ್ದರೆ ನನ್ನನ್ನು ಬೈಯಲಿ.