ಗಾಳವಿಲ್ಲದ ಮೀನುಬೇಟೆ

ಪ್ರವಾಸವೆಂಬುದು ಹೊರಟ ದಿನಕ್ಕಿಂತ ಹೊರಡುವ ಮುಂಚಿನ ದಿನಗಳಲ್ಲಿಯೇ ಹೆಚ್ಚು ಸುಖ ಕೊಡುತ್ತದೆಂಬುದನ್ನು ಸಂಸಾರಸ್ಥರಿಗೆ ನಾನು ಬಿಡಿಸಿ ಹೇಳಬೇಕಾದುದಿಲ್ಲ. ಪಟ್ಟಿಗಳು ಬರೆಯಲ್ಪಡುತ್ತವೆ, ಹರಿಯಲ್ಪಡುತ್ತವೆ. ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಕಂಬಳಿಗಳು ಬಿಸಿಲು ಕಾಣುತ್ತವೆ. ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಒಂದು ತಿಂಗಳಿನಿಂದ ಈ ಸಂಭ್ರಮ ನಡೆದಿದೆ. ಆದರೆ ಈ ಸಲದ ಯೋಜನೆಯ ಕರ್ತೃ ನಾನಲ್ಲ, ನನ್ನಾಕೆಯೂ ಅಲ್ಲ. ಎಪ್ಪತ್ತು ದಾಟಿದ ನನ್ನ ಮಾವನವರು.

ಎಲ್ಲದಕ್ಕೂ ಮೂಲ ಕ್ಯಾಲಿಫೋರ್ನಿಯದಲ್ಲಿರುವ ನನ್ನ ಬಾವಮೈದುನನ ಒಂದು ಪತ್ರ. ಈ ಚಳಿಗಾಲದಲ್ಲಿ ಗೆಳೆಯರೊಡನೆ ಓರೆಗಾನ್ ಗಡಿಯ ಬಳಿಯ ಸ್ಮಿತ್ ಎಂಬ ನದಿಗೆ ಮೀನು ಹಿಡಿಯಲು ಹೋಗುವುದಾಗಿ ಅವನು ಬರೆದಿದ್ದ. ಆ ನದಿಯ ಮುಖ್ಯ ಪ್ರವಾಹಕ್ಕೆ ಎಲ್ಲಿಯೂ ಅಣೆಕಟ್ಟಿಲ್ಲವಂತೆ; ದಡದ ಉದ್ದಕ್ಕೂ ರೆಡ್‌ವುಡ್ ಮರಗಳು. ಆ ಜಾತಿಯಲ್ಲಿ ನೂರು ಮೀಟರಿಗೂ ಮೀರಿ ಬೆಳೆದ ವೃಕ್ಷಗಳಿವೆ. ಅಲ್ಲಿ ಸಿಕ್ಕುವ ಸ್ಟೀಲ್‌ಹೆಡ್ ಎಂಬ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಿಗಿಳಿದು ಬೆಳೆದು, ಚಳಿಗಾಲದ ಮಳೆಗೆ ಹೊಳೆ ತುಂಬಿದಾಗ ತವರನ್ನು ಹುಡುಕಿಕೊಂಡು ಮೇಲೇರಿ ಬಂದು ಮೊಟ್ಟೆಯಿಡುತ್ತದೆ. ಆ ಕಡಲಿನ ಸಾಲ್ಮನ್ ಮೀನುಗಳು ಒಮ್ಮೆ ಮೊಟ್ಟೆಯಿಟ್ಟು ಸತ್ತುಹೋಗುವುವು. ಇದಾದರೋ ಬದುಕಿ ಉಳಿದರೆ ಕಡಲಿಗೆ ಮರಳಿ, ಮತ್ತೊಂದು ಚಳಿಗಾಲಕ್ಕೆ ಮತ್ತೆ ಬರಬಲ್ಲುದು. ಬೇಟೆಗಾರರು ಮಳೆ ನಿಂತು ನೀರು ತಿಳಿಯಾಗುವುದನ್ನೇ ದಿನಗಟ್ಟಲೆ ಕಾದಿರುತ್ತಾರೆ. ಸರ್ಕಾರದ ರಹದಾರಿಯ ಜೊತೆಗೆ ಒಂದು ಲೆಕ್ಕದ ಚೀಟಿಯನ್ನೂ ಕೊಳ್ಳಬೇಕು. ಹಿಡಿದ ಒಂದೊಂದು ಮೀನನ್ನೂ ಅದರಲ್ಲಿ ಬರೆದು, ವರ್ಷದ ಕೊನೆಗೆ ಒಪ್ಪಿಸಬೇಕು.

ಪತ್ರವನ್ನು ನಾನು ಗಟ್ಟಿಯಾಗಿ ಓದಿ ಮುಗಿಸಿದೆ. ಮಾವನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಅವನಿಗೆ ಅಲ್ಲಿ ಹೊಳೆ ಇದ್ದರೆ ನಮಗೆ ಇಲ್ಲಿ ಕಾವೇರಿ ಇಲ್ಲವೇ, ಅಳಿಯಂದಿರೇ?” ಎಂದರು. ನಮ್ಮ ಪ್ರವಾಸ ಹುಟ್ಟಿದ್ದು ಆ ಗಳಿಗೆಯಲ್ಲಿ.

ಅವರ ಕೋಣೆಯ ಗೋಡೆಯ ಮೇಲೆ ಕಪ್ಪು ಬಿಳುಪಿನ ಭಾವಚಿತ್ರವೊಂದಿದೆ. ಇಪ್ಪತ್ತೈದರ ತರುಣರೊಬ್ಬರು ಬೊಂಬಿನ ಗಳುವಿನ ಒಂದು ತುದಿಯನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಇನ್ನೊಂದು ತುದಿ ಅವರ ಸಹೋದ್ಯೋಗಿಯ ಹೆಗಲ ಮೇಲೆ. ನಡುವೆ ನೆಲ ಮುಟ್ಟುವಂತೆ ತೂಗುತ್ತಿರುವುದು ಒಂದು ಮೀನು. ೧೯೭೯ರ ಚಳಿಗಾಲ, ಭೀಮೇಶ್ವರಿಯ ಹತ್ತಿರ, ಐವತ್ತೆಂಟು ಪೌಂಡು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಆಗತಾನೇ ಕೆಲಸಕ್ಕೆ ಸೇರಿದ್ದ ಮಾವನವರು ಆ ಮೀನಿನ ಕಥೆಯನ್ನು ನನ್ನ ಮದುವೆಯ ದಿನದಿಂದ ಇಂದಿನವರೆಗೆ ಎಷ್ಟು ಬಾರಿ ಹೇಳಿರುವರೋ ಲೆಕ್ಕವಿಲ್ಲ. ಈಗ ಅವರ ಬಲಗೈ ಸ್ವಲ್ಪ ನಡುಗುತ್ತದೆ. “ಇನ್ನೊಂದೆರಡು ಚಳಿಗಾಲ ಕಳೆದರೆ ಕೋಲು ಹಿಡಿಯುವುದಕ್ಕಾಗುವುದಿಲ್ಲ. ಮೊಮ್ಮಗನಿಗೆ ಒಂದು ಸಲ ಹಿಡಿದು ತೋರಿಸಿಬಿಡುತ್ತೇನೆ,” ಎಂದರು. ಈ ಮಾತಿಗೆ ಎದುರು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಆ ಮೀನು ಮಹಶೀರ್. ನಮ್ಮ ಜನ ಬಿಳಿಮೀನು ಎನ್ನುವುದೂ ಉಂಟು. ಬಾಯಲ್ಲಿ ಹಲ್ಲಿಲ್ಲ, ಆದರೆ ಗಂಟಲಲ್ಲಿ ಏಡಿಯ ಚಿಪ್ಪನ್ನು ಪುಡಿಮಾಡುವ ಹಲ್ಲುಗಳಿವೆ. ಗಾಳ ಕಚ್ಚಿತೆಂದರೆ ಒಂದೇ ಉಸಿರಿಗೆ ನೂರು ಗಜ ದಾರವನ್ನು ಎಳೆದೊಯ್ಯುವ ಬಲ. ಕಾವೇರಿಯ ಸೀಮೆಯಲ್ಲಿ ಇದರದೇ ಒಂದು ಬೆನ್ನುಬ್ಬಿದ ಜಾತಿಯಿದೆ. ಗಾತ್ರದಲ್ಲಿ ಇದೇ ಹಿರಿಯದು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ನೂರಿಪ್ಪತ್ತು ಪೌಂಡಿನ ಮೀನು ಬೇಟೆಗಾರರ ಬಾಯಲ್ಲಿ ಇಂದಿಗೂ ಪುರಾಣವಾಗಿದೆ. ಇಂಥ ಮಹಾಮತ್ಸ್ಯಕ್ಕೆ ಪ್ರಿಯವಾದ ಆಹಾರ ಯಾವುದೆಂದು ಬಲ್ಲಿರಾ? ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿ ಹಿಟ್ಟನ್ನು ಬೇಯಿಸಿ ಕಟ್ಟಿದ ಉಂಡೆ! ಮುದ್ದೆಯನ್ನು ಮೆಚ್ಚುವ ಮೀನು ಅಪ್ಪಟ ಕನ್ನಡಿಗನಲ್ಲದೆ ಮತ್ತೇನು?

ಮನೆಯವರೆಲ್ಲರೂ ಯೋಜನೆಗೆ ತಮ್ಮ ತಮ್ಮ ಕಾಣಿಕೆ ಸಲ್ಲಿಸಿದೆವು. ಮಾವನವರು ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ, ತುಕ್ಕು ಹಿಡಿದ ರೀಲಿಗೆ ಎಣ್ಣೆ ಬಿಟ್ಟರು. ಕನಕಪುರ, ಸಾತನೂರು, ಹಲಗೂರು, ಮುತ್ತತ್ತಿ ಎಂದು ದಾರಿಯನ್ನು ಕಾಗದದ ಮೇಲೆ ಗೀಚಿದರು. ಮೀನು ಹಿಡಿಯುವುದೆಂದರೆ ಮೂಗು ಮುರಿಯುತ್ತಿದ್ದ ನನ್ನಾಕೆಯೂ ಮುತ್ತತ್ತಿಯ ಹೆಸರು ಕೇಳಿ ಕರಗಿದಳು. ಸೀತಾಮಾತೆಯ ಮೂಗಿನ ಮುತ್ತು ಅಲ್ಲಿ ಹೊಳೆಗೆ ಬಿದ್ದಾಗ ಆಂಜನೇಯನು ಬಾಲವನ್ನು ನೀರಿಗಿಳಿಸಿ ಎತ್ತಿ ತಂದನೆಂದು ಸ್ಥಳಪುರಾಣ. “ಹಾಗಾದರೆ ಕಾವೇರಿಗೆ ಮೊದಲು ಗಾಳ ಹಾಕಿದವನು ಆಂಜನೇಯನೇ!” ಎಂದೆ. “ರೀ, ದೇವರ ವಿಷಯದಲ್ಲಿ ತಮಾಷೆ ಬೇಡ,” ಎಂಬ ಎಚ್ಚರಿಕೆಯೊಡನೆ ದೇವರ ದರ್ಶನವೂ ಪಟ್ಟಿಗೆ ಸೇರಿತು.

ಕನ್ನಡದ ಮೇಷ್ಟರಾದ ನನ್ನ ಪಾಲಿಗೆ ಬಂದದ್ದು ಗ್ರಂಥಾವಲೋಕನ. ಮೀನುಬೇಟೆಯ ಆದಿಗ್ರಂಥವೆಂದೊಡನೆ ಎಲ್ಲರೂ ೧೬೫೩ರಲ್ಲಿ ಪ್ರಕಟವಾದ ಆಂಗ್ಲರ ಐಸಾಕ್ ವಾಲ್ಟನ್ನನ ಹೆಸರನ್ನು ಹೇಳುತ್ತಾರೆ. ಅದಕ್ಕೆ ಐದು ಶತಮಾನಗಳಷ್ಟು ಹಿಂದೆಯೇ, ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂದು ಒಂದು ಪ್ರಕರಣವನ್ನೇ ಬರೆದಿಟ್ಟಿದ್ದಾನೆ. ಯಾವ ಮೀನಿಗೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಮಂಗಳೂರಿನಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ಗಾಳದ ಬೇಟೆಯನ್ನು ಕುರಿತು ೧೮೭೩ರಲ್ಲಿ ಹೊರತಂದ ಪುಸ್ತಕವೂ ಪ್ರಸಿದ್ಧವೇ. ಇಷ್ಟೆಲ್ಲ ಹೇಳಿ ನಾನು ಬೀಗಿದೆ. “ನಿಮ್ಮ ರಾಜನಿಗೆ ಎಷ್ಟು ಪೌಂಡಿನದು ಸಿಕ್ಕಿತ್ತು?” ಎಂದು ಮಾವನವರು ಕೇಳಿದರು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಕೋಣೆ ಕಾದಿರಿಸಲೆಂದು ಭೀಮೇಶ್ವರಿಯ ಶಿಬಿರಕ್ಕೆ ಫೋನು ಮಾಡಿದವನು ನಾನು. ವಸತಿಯುಂಟು, ಹರಿಗೋಲಿನ ವಿಹಾರವುಂಟು, ಹಕ್ಕಿಗಳನ್ನು ನೋಡಬಹುದು. ಆದರೆ ಗಾಳ ಹಾಕುವಂತಿಲ್ಲ ಎಂದು ಅತ್ತಲಿಂದ ವಿನಯದ ದನಿ ತಿಳಿಸಿತು. ಆ ಸೀಮೆ ೧೯೮೭ರಲ್ಲಿಯೇ ಕಾವೇರಿ ವನ್ಯಜೀವಿಧಾಮವಾಗಿದೆ. ಆಮೇಲೆಯೂ ಎಷ್ಟೋ ವರ್ಷ ಶಿಬಿರಗಳಲ್ಲಿ ಹಿಡಿದು ಬಿಡುವ ಆಟ ನಡೆಯುತ್ತಿತ್ತು. ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ನೀರಿಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ವನ್ಯಜೀವಿಧಾಮದೊಳಗೆ ವಿನೋದಕ್ಕಾಗಿ ಯಾವ ಪ್ರಾಣಿಯನ್ನೂ ನೋಯಿಸಬಾರದೆಂಬ ಕಾನೂನಿನ ದೃಷ್ಟಿ ಬಲವಾಗಿ, ೨೦೧೨ರ ಹೊತ್ತಿಗೆ ಅದೂ ನಿಂತುಹೋಯಿತು.

ಮಾವನವರು ಆ ದಿನ ಊಟಕ್ಕೆ ಸರಿಯಾಗಿ ಕೂರಲಿಲ್ಲ. “ಬಿಡುವುದಕ್ಕೆಂದೇ ಹಿಡಿದರೂ ತಪ್ಪೇ?” ಎಂದು ಒಂದೆರಡು ಬಾರಿ ಕೇಳಿದರು. ಉತ್ತರ ಹೇಳಲು ತೋಚದೆ ನಾನು ಮತ್ತೆ ಪುಸ್ತಕ ಪತ್ರಿಕೆಗಳ ಮೊರೆಹೊಕ್ಕೆ. ಅಲ್ಲಿ ಕಂಡದ್ದು ಸಣ್ಣ ಸಂಗತಿಯಲ್ಲ.

ಗಾಳದ ಬೇಟೆಗಾರರು ಶತಮಾನಕ್ಕೂ ಮಿಕ್ಕಿ ಹಾಡಿ ಹೊಗಳಿದ ಈ ಬೆನ್ನುಬ್ಬಿದ ಮಹಶೀರಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತಿದ್ದ, ವಿಜ್ಞಾನಿ ರೇಮಾದೇವಿಯವರ ಗೌರವಾರ್ಥ ‘ಟಾರ್ ರೇಮಾದೇವಿಐ’ ಎಂದು ಹೆಸರಿಸಿದ್ದ ಮೀನೂ ಇದೂ ಒಂದೇ ಎಂಬುದು ಖಚಿತವಾದದ್ದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರಿಟ್ಟ ವರ್ಷವೇ ಆಯುಷ್ಯದ ಕೊನೆಯನ್ನೂ ಸಾರಬೇಕಾಯಿತೆಂದರೆ ಅದೆಂಥ ನಾಮಕರಣ!

ಅಳಿವಿಗೆ ಕಾರಣಗಳು ಹಲವು. ಅಣೆಕಟ್ಟುಗಳು ನದಿಯನ್ನು ತುಂಡರಿಸಿದವು, ಮರಳನ್ನು ಬಗೆದರು, ಸಿಡಿಮದ್ದು ಹಾಕಿ ಮಡುವಿಗೆ ಮಡುವನ್ನೇ ಕೊಂದರು. ಇವುಗಳ ಜೊತೆಗೆ ಒಳ್ಳೆಯ ಉದ್ದೇಶದಿಂದ ಮಾಡಿದ ಒಂದು ಕೆಲಸವೂ ಸೇರಿತು. ಮಹಾರಾಷ್ಟ್ರದ ಲೋಣಾವಳದ ಕೊಳಗಳಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಮಹಶೀರ್ ಸಂತತಿ ಹೆಚ್ಚಲಿ ಎಂಬುದೇ ಆಶಯ. ಹೆಚ್ಚಿದ್ದೂ ನಿಜ, ಆದರೆ ಹೆಚ್ಚಿದವನು ಅತಿಥಿ, ಕರಗಿದವನು ಮನೆಯ ಮಗ.

ಇದು ತಿಳಿದದ್ದು ಹೇಗೆ? ಆಶ್ಚರ್ಯದ ಸಂಗತಿ ಇಲ್ಲಿದೆ: ಬೇಟೆಗಾರರ ದಿನಚರಿಯಿಂದ! ಗಾಳಿಬೋರೆ ಶಿಬಿರದಲ್ಲಿ ೧೯೯೮ರಿಂದ ೨೦೧೨ರವರೆಗೆ ೨೩,೬೨೦ ಗಂಟೆಗಳ ಕಾಲ ಗಾಳ ಹಾಕಿ, ೬,೧೬೧ ಮಹಶೀರುಗಳನ್ನು ಹಿಡಿದು ಬಿಟ್ಟ ಲೆಕ್ಕವನ್ನು ಬರೆದಿಟ್ಟಿದ್ದರು. ಅತಿ ದೊಡ್ಡದು ೪೬.೮ ಕಿಲೋಗ್ರಾಮು. ಆ ಪುಸ್ತಕಗಳನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ, ಒಟ್ಟು ಮೀನು ಹೆಚ್ಚಾಗುತ್ತ ಬಂದರೂ ಬೆನ್ನುಬ್ಬಿದವು ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದುದು ಕಂಡಿತು. ವಿನೋದಕ್ಕೆಂದು ಹೋದವರ ಲೆಕ್ಕದ ಪುಸ್ತಕವೇ ಒಂದು ಜೀವಜಾತಿಯ ನಾಡಿ ಹಿಡಿದು ನೋಡಿತು. ಗಾಳ ನಿಂತಿತು, ಅದರೊಡನೆ ಆ ಲೆಕ್ಕವೂ ನಿಂತಿತು. ನದಿಯ ದಡದಲ್ಲಿ ಬೇಟೆಗಾರರೂ ಅವರ ಕಾವಲಿನವರೂ ಇದ್ದಾಗ ಸಿಡಿಮದ್ದಿನವರು ಹೆದರುತ್ತಿದ್ದರೆಂದು ವಾದಿಸುವವರಿದ್ದಾರೆ. ಅಳಿಯುತ್ತಿರುವ ಜೀವಿಯ ತುಟಿಗೆ ಕೊಕ್ಕೆ ಸಿಕ್ಕಿಸಿ ಅದರ ಸೇವೆ ಮಾಡಿದೆವೆನ್ನುವುದು ಎಂಥ ನ್ಯಾಯವೆಂದು ಕೇಳುವವರೂ ಇದ್ದಾರೆ. ಎರಡು ಮಾತಿನಲ್ಲಿಯೂ ನಿಜವಿದೆಯೆಂದು ನನಗೆ ತೋರಿತು.

ಇದನ್ನೆಲ್ಲ ಒಂದು ಸಂಜೆ ಮಾವನವರಿಗೆ ಓದಿ ಹೇಳಿದೆ. ಅವರು ಏನೂ ಹೇಳದೆ ಒಳಗೆ ಹೋಗಿ ಹಳೆಯ ದಿನಚರಿ ಪುಸ್ತಕವೊಂದನ್ನು ತಂದರು. ಅದರ ಹಾಳೆಗಳ ನಡುವೆ ಅಂಗೈಯಗಲದ ಒಂದು ಹುರುಪೆ. ಆ ಐವತ್ತೆಂಟು ಪೌಂಡಿನ ಮೀನಿನದು. ನಮ್ಮ ಮಗನಿಗೆ ಒಂಬತ್ತು ವರ್ಷ. ಮೀನಿನ ಹುರುಪೆಯಲ್ಲಿ ಮರದ ಕಾಂಡದಲ್ಲಿರುವಂತೆ ಬೆಳವಣಿಗೆಯ ಬಳೆಗಳಿರುತ್ತವೆಂದು ಶಾಲೆಯಲ್ಲಿ ಕೇಳಿದ್ದನಂತೆ. ಭೂತಗನ್ನಡಿ ಹಿಡಿದು ಎಣಿಸತೊಡಗಿದ. ಹನ್ನೊಂದಾದ ಮೇಲೆ ಎಣಿಕೆ ತಪ್ಪಿತು.

“ತಾತ, ಇದು ನನಗಿಂತ ದೊಡ್ಡದು,” ಎಂದ. ಆಮೇಲೆ, “ಅಷ್ಟು ದೊಡ್ಡ ಮೀನನ್ನು ನೀವೆಲ್ಲ ತಿಂದುಬಿಟ್ಟಿರಾ?” ಎಂದು ಕೇಳಿದ.

ನಲವತ್ತು ವರ್ಷಗಳಿಗೂ ಮೀರಿ ಹೇಳುತ್ತ ಬಂದ ಕಥೆಯಲ್ಲಿ ಮಾವನವರು ಎಂದೂ ಹೇಳದಿದ್ದ ಭಾಗ ಆಗ ಹೊರಬಂದಿತು. “ಇಲ್ಲ ಕಂದ. ಗೋಣಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿ ಜಾಲಹಳ್ಳಿಗೆ ತಂದೆವು. ಕ್ವಾರ್ಟರ್ಸಿನಲ್ಲಿ ಮನೆಮನೆಗೂ ಹಂಚಿದೆವು. ಹಂಚಿ ಮುಗಿಯುವುದರೊಳಗೆ ಅರ್ಧ ಕೆಟ್ಟುಹೋಯಿತು. ರಾತ್ರಿ ಯಾರಿಗೂ ಕಾಣದ ಹಾಗೆ ಹಿತ್ತಿಲಲ್ಲಿ ಗುಂಡಿ ತೋಡಿ ಹೂತೆವು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಹೊಳೆಯಲ್ಲೇ ಇದ್ದಿದ್ದರೆ ಎಷ್ಟು ಸಂಸಾರ ಮಾಡುತ್ತಿತ್ತೋ!” ಎಂದರು.

ಯಾರೂ ಮಾತಾಡಲಿಲ್ಲ. ಚಿತ್ರದಲ್ಲಿದ್ದ ತರುಣನ ನಗೆಯನ್ನು ನೋಡಿದೆ. ಅವನ ತಪ್ಪೇನು? ಹೊಳೆಗೆ ಕೊನೆಯೆಂಬುದಿಲ್ಲ ಎಂದು ನಂಬಿದ್ದ ಕಾಲದವನು. ಆ ನಂಬಿಕೆ ನಮಗಿನ್ನು ಇಲ್ಲ; ಆದುದರಿಂದ ಅವನಿಗಿದ್ದ ಸ್ವಾತಂತ್ರ್ಯವೂ ನಮಗಿಲ್ಲ. ಕ್ಯಾಲಿಫೋರ್ನಿಯದ ಹುಡುಗನ ಕಿಸೆಯಲ್ಲಿರುವ ಲೆಕ್ಕದ ಚೀಟಿಯ ಅರ್ಥವೂ ಇದೇ ತಾನೆ? ಪ್ರೀತಿಸಿದ ವಸ್ತುವಿಗೆ ಲೆಕ್ಕ ಕೊಡಬೇಕಾದ ಕಾಲವಿದು.

ಪ್ರವಾಸ ರದ್ದಾಯಿತೆಂದೇ ನಾನು ಭಾವಿಸಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಮಾವನವರು ಹೊಸ ಪಟ್ಟಿ ಬರೆಯುತ್ತಿದ್ದಾರೆ! ಕೋಲು, ರೀಲು, ಗಾಳಗಳಿಗೆ ಅಡ್ಡಗೆರೆ ಬಿದ್ದಿದೆ; ಅವುಗಳ ಜಾಗದಲ್ಲಿ ದುರ್ಬೀನು, ಟಿಪ್ಪಣಿ ಪುಸ್ತಕ, ಎರಡು ಪೆನ್ಸಿಲ್. “ಮೀನು ನೀರಿನ ಮೇಲೆ ಹೊರಳಿದರೆ ಬೆನ್ನು ಕಾಣುತ್ತದೆ. ಹುಡುಗ ಬರೆದುಕೊಳ್ಳಲಿ, ಯಾವ ಮಡು, ಎಷ್ಟು ಗಂಟೆ, ಎಷ್ಟು ಮೀನು. ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಲಿ. ಅದೂ ಲೆಕ್ಕವೇ,” ಎಂದರು.

ಜನವರಿಯ ಎರಡನೆಯ ಶನಿವಾರ ಹೊರಡುವುದೆಂದು ನಿಶ್ಚಯವಾಗಿದೆ. ಮುತ್ತತ್ತಿರಾಯನ ದರ್ಶನ ಮೊದಲು. ಬಳಿಕ ಹೊಳೆಯ ದಡ. ಪಟ್ಟಿಯ ಕೊನೆಯಲ್ಲಿ ಎರಡು ಸೇರು ರಾಗಿ ಹಿಟ್ಟು ಹಾಗೆಯೇ ಉಳಿದಿದ್ದುದನ್ನು ಕಂಡು, “ಇದಕ್ಕೆ ಅಡ್ಡಗೆರೆ ಬೀಳಲಿಲ್ಲವಲ್ಲ, ಮಾವ?” ಎಂದೆ.

“ಇರಲಿ ಬಿಡಿ, ಅಳಿಯಂದಿರೇ. ಈ ಸಲ ಮುದ್ದೆ ನಮಗೇ,” ಎಂದು ನಕ್ಕರು. ಬಲಗೈ ನಡುಗುತ್ತಲೇ ಇತ್ತು. ಆದರೂ ಬರೆದ ಅಕ್ಷರ ಮಾತ್ರ ಚೆನ್ನಾಗಿಯೇ ಮೂಡಿತ್ತು.