ಗೋಡೆಯೊಳಗಿನ ಸವಕಳಿ

ಉದ್ಯೋಗವನ್ನರಸಿ ಮುಂಬಯಿ ಮಹಾನಗರಕ್ಕೆ ಬಂದ ಕನ್ನಡಿಗರಲ್ಲಿ ಅನೇಕರು ತಮ್ಮ ದುಡಿಮೆಯ ಉಳಿತಾಯವನ್ನೆಲ್ಲ ಹೂಡಿದ್ದು ಸ್ವಂತದ್ದೊಂದು ಮನೆಯ ಮೇಲೆ. ಮಾಟುಂಗಾ, ದಾದರ್, ಸಾಂತಾಕ್ರೂಜ್, ಡೊಂಬಿವಲಿಗಳಲ್ಲಿ 1960 ಮತ್ತು 1970ರ ದಶಕಗಳಲ್ಲಿ ಕೊಂಡ ಆ ಮನೆಗಳಿಗೆ ಈಗ ಅರ್ಧ ಶತಮಾನದ ಪ್ರಾಯ. ನೆಲಕ್ಕೆ ಹೊಸ ಟೈಲ್ಸ್ ಬಂದಿವೆ. ಅಡುಗೆಮನೆಯ ರೂಪ ಬದಲಾಗಿದೆ. ಹೊರಗೋಡೆಗೆ ಹಲವು ಸಲ ಬಣ್ಣ ಬಳಿದಾಗಿದೆ. ಆದರೆ ಎಷ್ಟೋ ಮನೆಗಳಲ್ಲಿ ವಿದ್ಯುತ್ ತಂತಿ ಮಾತ್ರ ಅಂದಿನದೇ. ಕಣ್ಣಿಗೆ ಕಾಣದ ವಸ್ತುವಿಗೆ ಹಣ ತೊಡಗಿಸಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಹೀಗೆ ಉಳಿಸಿದ ಹಣವನ್ನು ಮುಂದೂಡಿದ ಸಾಲವೆಂದೇ ಲೆಕ್ಕ ಹಾಕಬೇಕು.

ಲೆಕ್ಕವಂತೂ ಸರಳವಾಗಿದೆ. ಅಂದಿನ ಮನೆಯಲ್ಲಿ ನಾಲ್ಕು ದೀಪ, ಮೂರು ಫ್ಯಾನು, ಒಂದು ರೇಡಿಯೋ. ಒಟ್ಟು ಸುಮಾರು 500 ವ್ಯಾಟ್, ಅಂದರೆ ಎರಡು ಆಂಪಿಯರಿಗಿಂತ ತುಸು ಹೆಚ್ಚು ಪ್ರವಾಹ. ಇಂದು ಗೀಸರ್ ಒಂದೇ 2000 ವ್ಯಾಟ್ ಬೇಡುತ್ತದೆ. ಒಂದೂವರೆ ಟನ್ನಿನ ಏರ್ ಕಂಡೀಷನರ್, ಇಸ್ತ್ರಿ ಪೆಟ್ಟಿಗೆ, ಮಿಕ್ಸರ್‌ಗಳು ಜೊತೆಗೂಡಿದರೆ ಒಟ್ಟು ಬೇಡಿಕೆ 5000 ವ್ಯಾಟ್ ದಾಟಿ, ಪ್ರವಾಹ 20 ಆಂಪಿಯರನ್ನು ಮೀರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಪ್ರವಾಹ ಹತ್ತು ಪಟ್ಟಾದರೆ ಶಾಖ ನೂರು ಪಟ್ಟಾಗುತ್ತದೆ. ಮೀಟರಿನಿಂದ ಮನೆಗೆ ಬರುವ ಹಳೆಯ ತಂತಿ ಈ ಇಡೀ ಭಾರವನ್ನು ಒಂಟಿಯಾಗಿ ಹೊರಬೇಕಾಗಿದೆ.

ತಂತಿಗೂ ಮುಪ್ಪುಂಟು. ಹಳೆಯ ಕಾಲದ ರಬ್ಬರಿನ ಹೊದಿಕೆ ಒಣಗಿ ಬಿರುಕು ಬಿಡುತ್ತದೆ. ಒಂದು ಕಾಲಕ್ಕೆ ಧಾರಾಳವಾಗಿ ಬಳಕೆಯಲ್ಲಿದ್ದ ಅಲ್ಯೂಮಿನಿಯಂ ತಂತಿ, ಸ್ಕ್ರೂ ಬಿಗಿದ ಜಾಗಗಳಲ್ಲಿ ಕ್ರಮೇಣ ಸಡಿಲಗೊಂಡು ಕಾಯತೊಡಗುತ್ತದೆ. ಸ್ವಿಚ್ಚಿನ ಸುತ್ತ ಕಂದುಬಣ್ಣದ ಕಲೆ, ಪ್ಲಗ್ಗಿನಿಂದ ಸುಟ್ಟ ವಾಸನೆ, ಗೀಸರ್ ಹಾಕಿದೊಡನೆ ಮಂಕಾಗುವ ದೀಪ, ಇವೆಲ್ಲ ಅದರ ಲಕ್ಷಣಗಳು. ಫ್ಯೂಸು ಪದೇಪದೇ ಹಾರುವುದೂ ಇಂಥದೇ ಒಂದು ಎಚ್ಚರಿಕೆ. ಅದಕ್ಕೆ ದಪ್ಪ ತಂತಿ ಸುತ್ತಿ ‘ಸರಿಪಡಿಸುವುದು’, ಜ್ವರಮಾಪಕವನ್ನು ಒಡೆದು ರೋಗಿ ಗುಣಮುಖನಾದನೆಂದು ಹೇಳಿದಂತೆ.

ಆರೋಗ್ಯದ ದೃಷ್ಟಿಯಿಂದ ಇನ್ನೊಂದು ವಿಷಯ ಮುಖ್ಯ. ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು ಅವು ಸಾಲವು. ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಪ್ರವಾಹ ಎದೆಯ ಮೂಲಕ ಹಾದರೂ ಹೃದಯದ ಬಡಿತ ತಾಳತಪ್ಪಿ ಪ್ರಾಣ ಹೋಗಬಹುದು. 16 ಆಂಪಿಯರಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡೊಡನೆ, ಕಣ್ಣೆವೆಯಿಕ್ಕುವುದರೊಳಗೆ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವೂ, ಅದರೊಡನೆ ಸಮರ್ಪಕವಾದ ಅರ್ಥಿಂಗೂ ಇದ್ದರೆ ಮಾತ್ರ ನಿಜವಾದ ರಕ್ಷಣೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ವೃದ್ಧ ತಂದೆತಾಯಿಗಳು. ಒದ್ದೆ ಕೈಯಿಂದ ಫ್ರಿಜ್ಜಿನ ಬಾಗಿಲು ಮುಟ್ಟುವವರು, ವಾಷಿಂಗ್ ಮೆಷಿನ್ನಿನ ಮುಂದೆ ಬರಿಗಾಲಿನಲ್ಲಿ ನಿಲ್ಲುವವರು ಹೆಚ್ಚಾಗಿ ಅವರೇ.

“ಹೇಗೂ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಲಿದೆ, ಈಗೇಕೆ ಖರ್ಚು?” ಎಂಬ ಮಾತು ಹಳೆಯ ಸೊಸೈಟಿಗಳ ಸಭೆಗಳಲ್ಲಿ ಸಾಮಾನ್ಯ. ದುಬಾರಿ ಮಹಾನಗರದಲ್ಲಿ ನಿವೃತ್ತರ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಬಿಲ್ಡರನ ಆಯ್ಕೆ, ಸದಸ್ಯರ ಒಪ್ಪಿಗೆ, ಮಂಜೂರಾತಿಗಳ ನಡುವೆ ವರ್ಷಗಳೇ ಉರುಳುತ್ತವೆ. ಅಷ್ಟು ಕಾಲ ಕಾಯುವ ತಾಳ್ಮೆ ಸದಸ್ಯರಿಗಿದ್ದೀತು, ತಂತಿಗಿರುವುದಿಲ್ಲ. ಪೂರ್ಣ ಬದಲಾವಣೆ ಸಾಧ್ಯವಾಗದ ಕಡೆಯೂ ಆರ್.ಸಿ.ಸಿ.ಬಿ., ಅರ್ಥಿಂಗ್ ಪರೀಕ್ಷೆ, ಗೀಸರಿಗೂ ಏರ್ ಕಂಡೀಷನರಿಗೂ ಯೋಗ್ಯ ಗಾತ್ರದ ಪ್ರತ್ಯೇಕ ತಾಮ್ರದ ತಂತಿ, ಇಷ್ಟನ್ನು ಮುಂದೂಡಲಾಗದು.

ಒಬ್ಬರು ತಮ್ಮ ಮನೆಯೊಳಗೆ ಎಲ್ಲವನ್ನೂ ಹೊಸದಾಗಿಸಿಕೊಂಡರೂ, ಮೆಟ್ಟಿಲಿನ ಕೆಳಗಿನ ಮೀಟರುಗಳ ಕೋಣೆಯೂ ಮೇಲಕ್ಕೇರುವ ತಂತಿಗಳ ದಾರಿಯೂ ಎಲ್ಲರಿಗೂ ಒಂದೇ. ಅಲ್ಲಿ ಬೆಂಕಿ ಹೊತ್ತಿದರೆ ಹೊಗೆ ತುಂಬುವುದು ಎಲ್ಲರೂ ಇಳಿದುಬರಬೇಕಾದ ಮೆಟ್ಟಿಲನ್ನೇ. ಆದ್ದರಿಂದ ಇದು ಒಟ್ಟಾಗಿ ತೀರ್ಮಾನಿಸಬೇಕಾದ ಕಾರ್ಯ. ಮಹಾರಾಷ್ಟ್ರದ ಸಹಕಾರಿ ಗೃಹ ಸಂಘಗಳ ಮಾದರಿ ಉಪವಿಧಿಗಳಂತೆ, ನಿರ್ಮಾಣ ವೆಚ್ಚದ ಕನಿಷ್ಠ ಶೇಕಡಾ 0.75ರಷ್ಟನ್ನು ಪ್ರತಿವರ್ಷ ದುರಸ್ತಿ ನಿಧಿಗೆ ಕೂಡಿಸಬೇಕು. ಬಣ್ಣಕ್ಕೆ ಬಳಕೆಯಾಗುವ ಈ ನಿಧಿ ತಂತಿಗೂ ಬಳಕೆಯಾಗಬೇಕು.

ಎಷ್ಟೋ ಸೊಸೈಟಿಗಳಲ್ಲಿ ಕಾರ್ಯದರ್ಶಿಗಳಾಗಿ, ಖಜಾಂಚಿಗಳಾಗಿ ದುಡಿಯುತ್ತಿರುವ ಕನ್ನಡಿಗರು ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ, ಬಣ್ಣದ ವಿಷಯಕ್ಕಿಂತ ಮೊದಲು, ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಇಡೀ ಕಟ್ಟಡದ ತಪಾಸಣೆ ಎಂಬ ಒಂದು ಸಾಲನ್ನು ಸೇರಿಸಲಿ. ಯಂತ್ರಕ್ಕೂ ಪೀಠೋಪಕರಣಕ್ಕೂ ವರ್ಷವರ್ಷವೂ ಸವಕಳಿ ಬರೆಯುವ ಜನ, ಗೋಡೆಯೊಳಗಿನ ತಂತಿಯ ಸವಕಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಸರಿಯಲ್ಲ.