ಕ್ಷಮೆಯಿತ್ತ ಕೈ

ಅಮೆರಿಕದ ಇಲಿನಾಯ್ ಸಂಸ್ಥಾನದ ಮಾಜಿ ಗವರ್ನರ್ ಜಾರ್ಜ್ ರಯಾನ್ ಅವರು 2025ರ ಮೇ 2ರಂದು ತಮ್ಮ 91ನೆಯ ವಯಸ್ಸಿನಲ್ಲಿ ನಿಧನರಾದರು. 167 ಜನರನ್ನು ಮರಣದಂಡನೆಯಿಂದ ಪಾರುಮಾಡಿದವರೂ ಅವರೇ, ಭ್ರಷ್ಟಾಚಾರದ ಅಪರಾಧಕ್ಕಾಗಿ ಸೆರೆಮನೆ ಸೇರಿದವರೂ ಅವರೇ. ಇವರಲ್ಲಿ ನಿಜವಾದ ರಯಾನ್ ಯಾರೆಂದು ಅನೇಕರು ಕೇಳಿದ್ದಾರೆ. ಇಬ್ಬರೂ ಒಬ್ಬನೇ ಮನುಷ್ಯನೆಂಬುದನ್ನು ಒಪ್ಪಿಕೊಂಡೇ ವಿಚಾರವನ್ನು ಆರಂಭಿಸಬೇಕೆಂದು ನನ್ನ ಎಣಿಕೆ.

ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತೆ ನಿಯುಕ್ತನಾದವನಲ್ಲ. ಜನರಿಂದ ಚುನಾಯಿತನಾಗಿ ಆಡಳಿತವನ್ನು ತಾನೇ ನಡೆಸತಕ್ಕವನು. ಇಲಿನಾಯ್‌ನಲ್ಲಿ ಕ್ಷಮಾದಾನವೂ ಅವನ ವಿವೇಚನೆಗೇ ಸೇರಿದ್ದು. ರಯಾನ್ ಅವರು ಕಂಕಾಕಿ ಎಂಬ ಊರಿನ ಔಷಧ ವ್ಯಾಪಾರಿ, ರಿಪಬ್ಲಿಕನ್ ಪಕ್ಷದವರು. 1977ರಲ್ಲಿ ಮರಣದಂಡನೆಯನ್ನು ಮರಳಿ ತಂದ ಮಸೂದೆಗೆ ಶಾಸಕರಾಗಿ ಮತವಿತ್ತಿದ್ದರು. 1999ರ ಜನವರಿಯಲ್ಲಿ ಗವರ್ನರ್ ಆದರು. ಮಾರ್ಚ್‌ನಲ್ಲಿ ಒಬ್ಬ ಕೈದಿಯ ಮರಣದಂಡನೆಯನ್ನು ತಡೆಯದೆ ನಡೆಯಗೊಟ್ಟರು.

ಅವರ ಮನಸ್ಸನ್ನು ಕದಡಿದುದು ಒಂದು ಸರಳ ಲೆಕ್ಕ. 1977ರಿಂದೀಚೆಗೆ ಆ ಸಂಸ್ಥಾನವು 12 ಜನರನ್ನು ಕೊಂದಿತ್ತು. ಅದೇ ಅವಧಿಯಲ್ಲಿ ಮರಣಶಿಕ್ಷೆಗೆ ಗುರಿಯಾಗಿದ್ದ 13 ಜನರ ತೀರ್ಪುಗಳು ನಿಲ್ಲದೆ ಅವರು ಬಿಡುಗಡೆ ಹೊಂದಿದ್ದರು. 2000ದ ಜನವರಿಯಲ್ಲಿ ರಯಾನ್ ಅವರು ಮರಣದಂಡನೆಗಳನ್ನು ಸ್ಥಗಿತಗೊಳಿಸಿ ಒಂದು ಆಯೋಗವನ್ನು ನೇಮಿಸಿದರು. ಆಯೋಗವು 85 ಸುಧಾರಣೆಗಳನ್ನು ಸೂಚಿಸಿತು. ಶಾಸನಸಭೆ ಅವುಗಳಿಗೆ ಆಗ ಒಪ್ಪಿಗೆ ಕೊಡಲಿಲ್ಲ. ಅಧಿಕಾರ ಬಿಡಲು ಎರಡು ದಿನ ಉಳಿದಿದ್ದಾಗ, 2003ರ ಜನವರಿ 11ರಂದು, ಅವರು ಉಳಿದ ಎಲ್ಲರ ಮರಣಶಿಕ್ಷೆಯನ್ನೂ ಬದಲಿಸಿದರು. ಬಹುಮಂದಿಗೆ ಅದು ಆಜೀವ ಸೆರೆವಾಸವಾಯಿತು.

ಕೊಲೆಯಾದವರ ಕುಟುಂಬಗಳು ಇದರಿಂದ ಕೆರಳಿದವು. ಪ್ರತಿಯೊಂದು ಪ್ರಕರಣವನ್ನೂ ಬೇರೆಬೇರೆಯಾಗಿ ತೂಗದೆ ಒಟ್ಟಾಗಿ ಮನ್ನಿಸಿದುದು ನ್ಯಾಯವೇ ಎಂಬ ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತನಿಖೆಯ ಉರುಳು ಹತ್ತಿರವಾಗುತ್ತಿದ್ದಾಗ ಹೆಸರು ಉಳಿಸಿಕೊಳ್ಳಲು ಹೂಡಿದ ಉಪಾಯವೆಂದೂ ಕೆಲವರು ಶಂಕಿಸಿದರು. ಅವರು ಸಂಸ್ಥಾನದ ಕಾರ್ಯದರ್ಶಿಯಾಗಿದ್ದಾಗ ಅವರ ಇಲಾಖೆಯಲ್ಲಿ ಲಾರಿ ಚಾಲಕರ ಪರವಾನೆಗಳು ಲಂಚಕ್ಕೆ ಮಾರಾಟವಾಗಿದ್ದವು. ಹಾಗೆ ಪರವಾನೆ ಪಡೆದನೆಂದು ಹೇಳಲಾದ ಚಾಲಕನೊಬ್ಬನ ಲಾರಿಯಿಂದ 1994ರಲ್ಲಿ ಒಂದೇ ಮನೆಯ ಆರು ಮಕ್ಕಳು ಬೆಂಕಿಗೆ ಆಹುತಿಯಾದರು. 2006ರಲ್ಲಿ ನ್ಯಾಯಾಲಯವು ರಯಾನ್ ಅವರಿಗೆ ಆರೂವರೆ ವರ್ಷಗಳ ಸಜೆ ವಿಧಿಸಿತು. ಅಧ್ಯಕ್ಷ ಬುಷ್ ಅವರಲ್ಲಿ ಅವರ ಪರವಾಗಿ ಬೇಡಿದ ಕ್ಷಮೆ ದೊರೆಯಲಿಲ್ಲ. ಸಾವಿರ ಮೈಲಿಯ ಮಾತಲ್ಲ, ಕೆಲವೇ ವರ್ಷಗಳ ಹಿಂದೆ ಕ್ಷಮೆ ಕೊಡುವ ಪೀಠದಲ್ಲಿ ಕುಳಿತಿದ್ದವರು ಈಗ ಬೇಡುವವರ ಸಾಲಿನಲ್ಲಿದ್ದರು.

ಹಾಗಾದರೆ ಆ ಕ್ಷಮಾದಾನದ ಬೆಲೆ ಕುಗ್ಗಿತೆ? ನನಗೆ ಹಾಗೆ ತೋರುವುದಿಲ್ಲ. ದಾನಿಯ ಕೈ ಕೊಳೆಯಾಗಿದ್ದರೂ ಉಳಿದ ಜೀವ ಉಳಿದ ಜೀವವೇ. ಆದರೆ ಆ ಆರು ಮಕ್ಕಳ ಲೆಕ್ಕವನ್ನು ಈ 167ರಿಂದ ಕಳೆಯಲೂ ಬರುವುದಿಲ್ಲ. ಪುಣ್ಯಪಾಪಗಳು ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ. ಸರಕಾರವೆಂಬುದು ತಪ್ಪುವ ಮನುಷ್ಯರ ಕೈಯಲ್ಲಿದೆ, ತಿದ್ದಲಾಗದ ಶಿಕ್ಷೆ ಅಂಥವರ ಕೈಗೆ ತಕ್ಕುದಲ್ಲ ಎಂಬುದು ರಯಾನ್ ಅವರ ವಾದದ ತಿರುಳು. ಅದಕ್ಕೆ ಅವರ ಬಾಳೇ ಅತ್ಯಂತ ಕಹಿಯಾದ ಸಾಕ್ಷ್ಯವನ್ನು ಒದಗಿಸಿತು. 2011ರಲ್ಲಿ ಇಲಿನಾಯ್ ಮರಣದಂಡನೆಯನ್ನು ರದ್ದುಗೊಳಿಸಿದಾಗ ಅವರು ಸೆರೆಮನೆಯಲ್ಲಿದ್ದರು.